ಬಾರ್ತಲೊಮೆ ದ್ವೀಪ: ಮೆಟ್ಟಿಲಲ್ಲೇ ಸುಸ್ತಾಗಬೇಡಿ

ಪೆಸಿಫಿಕ್ ಸಾಗರದಲ್ಲಿರುವ ಈಕ್ವೆಡಾರ್ ದೇಶದ ಗಲಾಪಗೋಸ್ ದ್ವೀಪಗಳ ಫೋಟೋ ಅಂದರೆ ಎಲ್ಲರೂ ತೋರಿಸುವುದು ಬಾರ್ತಲೊಮೆಯ ತುದಿಯಿಂದ ಕಾಣುವ ನೋಟವನ್ನೇ. ಎರಡೂ ಕಡೆ ಕಡಲು, ನಡುವೆ ಕಿರಿದಾದ ನೆಲ, ಪಕ್ಕದಲ್ಲಿ ಚೂಪಾದ ಪಿನಾಕಲ್ ಬಂಡೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ನನ್ನ ಲೆಕ್ಕದಲ್ಲಿ ಈ ದ್ವೀಪದ ನಿಜವಾದ ಮಜಾ ಇರುವುದು ಕೆಳಗೆ, ನೀರಿನಲ್ಲಿ.

ಉಳಿಯಲು ಸಾಂತಾ ಕ್ರೂಸ್ ದ್ವೀಪದ ಪೋರ್ಟೊ ಅಯೋರಾ ಅನುಕೂಲ. ಬೆಳಿಗ್ಗೆ ಬಸ್ಸಿನಲ್ಲಿ ಇತಬಾಕಾ ಕಾಲುವೆಗೆ ಕರೆದೊಯ್ಯುತ್ತಾರೆ. ಅಲ್ಲಿಂದ ದೋಣಿಯಲ್ಲಿ ಸುಮಾರು ಎರಡು ಗಂಟೆ. ಕುಲುಕಾಟ ಜಾಸ್ತಿ. ವಾಂತಿಯ ಮಾತ್ರೆ ಹೊರಡುವ ಮೊದಲೇ ನುಂಗಿ, ಹಿಂದಿನ ಸೀಟು ಹಿಡಿಯಿರಿ.

ತುದಿಯ ಎತ್ತರ 114 ಮೀಟರ್. ಮರದ ಮೆಟ್ಟಿಲು 370ಕ್ಕೂ ಹೆಚ್ಚು. ಜ್ವಾಲಾಮುಖಿಯ ಸಡಿಲ ಬೂದಿ ಕಾಲ್ತುಳಿತಕ್ಕೆ ಕುಸಿಯಬಾರದು ಅಂತ ಕಟ್ಟಿದ್ದು, ಹಾಗಾಗಿ ಬದಿಗೆ ಇಳಿಯುವಂತಿಲ್ಲ. ನೆರಳು ಅನ್ನುವುದೇ ಇಲ್ಲ. ಅಂಗಡಿಯೂ ಇಲ್ಲ, ಕುಡಿಯುವ ನೀರೂ ಇಲ್ಲ. ಟೋಪಿ, ನೀರಿನ ಬಾಟಲಿ ಮರೆಯಬೇಡಿ. ಗೈಡ್ ಇಲ್ಲದೆ ಇಲ್ಲಿಗೆ ಬಿಡುವುದೇ ಇಲ್ಲ. ನಿಧಾನಕ್ಕೆ ಹತ್ತಿ, ಫೋಟೋ ತೆಗೆದು ಇಳಿದುಬಿಡಿ.

ಈಗ ನೀರೊಳಗೆ ನೋಡುವ ಈಜು ಮಾಸ್ಕ್ ಹಾಕಿ. ಭೂಮಧ್ಯರೇಖೆಯ ಹತ್ತಿರ ಇದ್ದೀವಿ, ನೀರು ಬೆಚ್ಚಗಿರುತ್ತೆ ಅಂದುಕೊಂಡು ಇಳಿದರೆ ಹಲ್ಲು ಕಟಕಟ ಅನ್ನುತ್ತವೆ. ಜೂನ್‌ನಿಂದ ನವೆಂಬರ್‌ವರೆಗೆ ತಣ್ಣನೆಯ ಪ್ರವಾಹಗಳ ಕಾಲ. ಚಳಿ ತಡೆಯದವರು ಜನವರಿಯಿಂದ ಮೇ ಒಳಗೆ ಹೋಗಿ. ವೆಟ್‌ಸೂಟ್ (ನೀರಿನ ಚಳಿ ತಡೆಯುವ ಬಿಗಿ ಉಡುಪು) ಬಾಡಿಗೆಯ ದುಡ್ಡು ಮಾತ್ರ ಉಳಿಸಲು ಹೋಗಬೇಡಿ. ಆ ತಣ್ಣೀರಿನಲ್ಲಿ ಮೀನು ಸಮೃದ್ಧ, ಅದಕ್ಕೇ ಇಲ್ಲಿ ಪೆಂಗ್ವಿನ್‌ಗಳಿರುವುದು!

ಪಿನಾಕಲ್‌ನ ಬುಡದಲ್ಲಿ ಕಪ್ಪು ಕಲ್ಲಿನ ಮೇಲೆ ಅವು ಸುಮ್ನೆ ನಿಂತಿರುತ್ತವೆ, ಕಾಲ ಹತ್ತಿರ ಕೆಂಪು ಏಡಿಗಳು. ನೀರಿಗೆ ಧುಮುಕಿದರೆ ಬೇರೆಯೇ ಪ್ರಾಣಿ. ನನ್ನ ಮಾಸ್ಕಿನ ಮುಂದೆಯೇ ಒಂದು ಮೀನಿನ ಹಿಂಡನ್ನು ಸೀಳಿಕೊಂಡು ಹೋಯಿತು. ಎದೆಯ ಕಪ್ಪು ಪಟ್ಟಿ ಕಂಡಿತು ಅನ್ನುವಷ್ಟರಲ್ಲಿ ಗುಳ್ಳೆಗಳ ಗೆರೆಯಷ್ಟೇ ಉಳಿದಿತ್ತು. ಬೆನ್ನಟ್ಟಬೇಡಿ. ಪ್ರಾಣಿಗಳಿಂದ ಎರಡು ಮೀಟರ್ ದೂರ ಇರಬೇಕೆಂಬುದು ಗಲಾಪಗೋಸ್ ರಾಷ್ಟ್ರೀಯ ಉದ್ಯಾನದ ನಿಯಮ. ನೀವು ಅಲ್ಲಾಡದೆ ತೇಲಿದರೆ ಅವೇ ಹತ್ತಿರ ಬರುತ್ತವೆ. ಬಂಡೆಯ ಕೆಳಗೆ ಬಿಳಿ ತುದಿಯ ರೆಕ್ಕೆಯ ಶಾರ್ಕ್ ಮಲಗಿರಬಹುದು, ಗಾಬರಿ ಬೇಡ. ಅದರ ಪಾಡಿಗೆ ಅದು.

ಸಮಯ ಸಿಕ್ಕರೆ ಎದುರಿನ ಸಾಂಟಿಯಾಗೊ ದ್ವೀಪದ ಸಲಿವನ್ ಕೊಲ್ಲಿಗೂ ಹೋಗುವ ಟೂರ್ ಆರಿಸಿ. ಅಲ್ಲಿ ಹರಿದು ಗಟ್ಟಿಯಾದ ಲಾವಾ, ಹಗ್ಗ ಸುತ್ತಿಟ್ಟ ಹಾಗೆ ಕಾಣುತ್ತದೆ.

ಖರ್ಚಿನ ವಿಷಯ: 2024ರ ಆಗಸ್ಟ್‌ನಿಂದ ಹೆಚ್ಚಿನ ವಿದೇಶಿಯರಿಗೆ ಉದ್ಯಾನದ ಪ್ರವೇಶ ಶುಲ್ಕ 200 ಡಾಲರ್. ನಗದು ಇಟ್ಟುಕೊಳ್ಳಿ. ಊಟ ದೋಣಿಯಲ್ಲೇ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ, ಇಲ್ಲದಿದ್ದರೆ ಅನ್ನದ ಜೊತೆ ಮೀನೇ ಬರುವುದು.