ಆರು ಪಟ್ಟಿಗಳ ಜೊತೆ ಆಡ್ಲರ್ಸ್‌ಹೋಫ್‌ಗೆ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಡಬ್ಬಿ ತೆಗೆಸಿದರು. ಒಳಗೆ ಆರು ಬೆಳ್ಳಿ ಬಣ್ಣದ ಪೊಟ್ಟಣಗಳು, ಗಾಳಿ ತೆಗೆದು ಸೀಲ್ ಮಾಡಿದ್ದವು. "ಏನಿದು, ಫೋನ್ ಕವರಾ?" ಎಂದು ಕೇಳಿದರು. "ಸೋಲಾರ್ ಸೆಲ್" ಎಂದೆ. ನಂಬಿಕೆ ಬರಲಿಲ್ಲ. ಒಂದನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದರು. ಬಗ್ಗಿತು! ಅವರು ನಕ್ಕರು. ನನಗೆ ಎದೆ ಧಸಕ್ಕೆಂದಿತು.

ಬಗ್ಗಲಿ ಅಂತಲೇ ಮಾಡಿದ ಸೆಲ್‌ಗಳು ಅವು. ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಪೆರೋವ್‌ಸ್ಕೈಟ್ ಎಂಬ ವಸ್ತುವಿನ ಲೇಪ. ದಪ್ಪ ಸುಮಾರು 500 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗ. ಸಿಲಿಕಾನ್ ಬೇಕಾದರೆ 1400 ಡಿಗ್ರಿಗೂ ಜಾಸ್ತಿ ಕಾಯಿಸಿ ಕರಗಿಸಬೇಕು. ಇದಕ್ಕೆ ಶಾಯಿಯಂತೆ ಬಳಿದು ನೂರು ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸಿದರೆ ಸಾಕು. ಅದಕ್ಕೇ ಪ್ಲಾಸ್ಟಿಕ್ ಮೇಲೆ ಬಳಿಯಲು ಆಗುತ್ತದೆ. ಈ ಸೆಲ್ ಪಟ್ಟಿಗಳನ್ನು ತಯಾರಿಸುವುದು ನಮ್ಮ ಗುಂಪಿನ ಕೆಲಸ. ಅದನ್ನು ಅಳೆದು, ಬಗ್ಗಿಸಿ, ಕೆಡಿಸಿ ನೋಡುವುದು ಬರ್ಲಿನ್ ಗೆಳೆಯರ ಕೆಲಸ.

ಆಡ್ಲರ್ಸ್‌ಹೋಫ್ ಬರ್ಲಿನ್ನಿನ ಆಗ್ನೇಯ ಅಂಚಿನಲ್ಲಿದೆ. ಎಸ್-ಬಾನ್ ರೈಲು ಇಳಿದು ರಸ್ತೆ ದಾಟಿದರೆ ಬರೀ ಪ್ರಯೋಗಾಲಯಗಳು. ಒಂದು ಕಾಲದಲ್ಲಿ ಇಲ್ಲೇ ಪಕ್ಕದಲ್ಲಿ ವಿಮಾನ ಹಾರಿಸುತ್ತಿದ್ದರು. ಯೋಹಾನಿಸ್‌ಟಾಲ್ ವಿಮಾನ ಮೈದಾನ ಶುರುವಾದದ್ದು 1909ರಲ್ಲಿ. 1930ರ ದಶಕದ ಗಾಳಿ ಸುರಂಗ ಇನ್ನೂ ಇದೆ. ಅದರ ಹತ್ತಿರ ಮೊಟ್ಟೆಯನ್ನು ನೆಟ್ಟಗೆ ನಿಲ್ಲಿಸಿದಂಥ ಕಾಂಕ್ರೀಟ್ ಗೋಪುರ. ವಿಮಾನ ಗಿರಗಿರನೆ ಸುತ್ತುತ್ತಾ ಬೀಳುವುದನ್ನು ಅದರೊಳಗೆ ಪರೀಕ್ಷಿಸುತ್ತಿದ್ದರಂತೆ. ಇನ್ನೊಂದು ಕಡೆ ಬೆಸ್ಸಿ-2 ಸಿಂಕ್ರೋಟ್ರಾನಿನ, ಅಂದರೆ ಎಲೆಕ್ಟ್ರಾನುಗಳನ್ನು ಸುತ್ತಿಸಿ ಪ್ರಖರ ಎಕ್ಸ್-ರೇ ಹೊಮ್ಮಿಸುವ ಯಂತ್ರದ, ದುಂಡನೆಯ ಕಟ್ಟಡ. ಅದನ್ನು ನಡೆಸುವ ಹೆಲ್ಮ್‌ಹೋಲ್ಟ್ಸ್ ಕೇಂದ್ರದವರೇ 2022ರ ಕೊನೆಗೆ ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಕೂರಿಸಿ ಬೆಳಕನ್ನು ವಿದ್ಯುತ್ತಾಗಿಸುವುದರಲ್ಲಿ 32.5 ಶೇಕಡಾ ದಕ್ಷತೆ ಮುಟ್ಟಿದ್ದು. ಬಗ್ಗುವ ಪಟ್ಟಿ ಹಿಡಿದು ಬಂದ ನಾವು ಅಂಥ ಸಂಖ್ಯೆಯ ಹತ್ತಿರವೂ ಇಲ್ಲ, ಬಿಡಿ.

ಗೆಳೆಯರ ಲ್ಯಾಬ್‌ನಲ್ಲಿ ಪೊಟ್ಟಣ ಕತ್ತರಿಸಿದೆವು. ಐದು ಪಟ್ಟಿ ಕಪ್ಪಗೆ, ಸರಿಯಾಗಿಯೇ ಇದ್ದವು. ಆರನೆಯ ಪೊಟ್ಟಣ ಮಾತ್ರ ಆಗಲೇ ಸ್ವಲ್ಪ ಉಬ್ಬಿತ್ತು. ಪಟ್ಟಿ ಹೊರತೆಗೆದರೆ ಒಂದು ಅಂಚು ಹಳದಿ. ಕಪ್ಪಿನೊಳಗೆ ನಾಲಿಗೆ ಚಾಚಿದ ಹಾಗೆ, ಬೆರಳಿನ ಉಗುರಿನಷ್ಟು ಅಗಲ. ನೋಡಿದ ಕೂಡಲೇ ಗೊತ್ತಾಯಿತು. ತೇವ ಒಳಹೊಕ್ಕು ಪೆರೋವ್‌ಸ್ಕೈಟ್ ಒಡೆದಿದೆ, ಉಳಿದದ್ದು ಸೀಸದ ಅಯೋಡೈಡ್. ಎಕ್ಸ್-ರೇ ಕೆಳಗಿಟ್ಟಾಗ ನಕ್ಷೆಯಲ್ಲಿ 14.1 ಡಿಗ್ರಿ ಕೋನದ ಬಳಿ ಇರಬೇಕಾದ ಪೆರೋವ್‌ಸ್ಕೈಟಿನ ಶಿಖರ ಕುಗ್ಗಿ, 12.7ರಲ್ಲಿ ಹೊಸದು ಎದ್ದಿತ್ತು. ಅದು ಸೀಸದ ಅಯೋಡೈಡಿನದೇ.

ತಪ್ಪು ನನ್ನದು. ಎರಡು ವಾರ ಮೊದಲು ರಾತ್ರಿ ಹೊತ್ತಲ್ಲಿ ಅವಸರದಿಂದ ಸೀಲ್ ಮಾಡಿದ ಪೊಟ್ಟಣ ಅದು. ಬಾಯಲ್ಲಿ ಒಂದು ಸುಕ್ಕು ಉಳಿದಿತ್ತು. ಸಾಲದ್ದಕ್ಕೆ ಪಟ್ಟಿಯಿಂದ ತಾಮ್ರದ ಟೇಪು ಹೊರಬರುವ ಜಾಗದಲ್ಲಿ ಅಂಟು ಸರಿಯಾಗಿ ತುಂಬಿರಲಿಲ್ಲ. ತೇವಕ್ಕೆ ಇನ್ನೇನು ಬೇಕು? ಹಳದಿ ನಾಲಿಗೆ ಶುರುವಾಗಿದ್ದೂ ಆ ಟೇಪಿನ ಬುಡದಿಂದಲೇ. ನಾನು ಮುಖ ಸಣ್ಣ ಮಾಡಿಕೊಂಡು ನಿಂತಿದ್ದರೆ, ಅವರಿಗೆ ಭಾರಿ ಖುಷಿ! ಚೆನ್ನಾಗಿರುವ ಐದಕ್ಕಿಂತ ಈ ಒಂದರ ಮೇಲೇ ಅವರು ಎರಡು ದಿನ ಕೂತರು.

ಅಳತೆಯಲ್ಲಿ ಇನ್ನೊಂದು ಪೆಟ್ಟು. ಸೂರ್ಯನ ಬೆಳಕಿನಂಥ ದೀಪ, ಚದರ ಮೀಟರಿಗೆ 1000 ವಾಟ್, 25 ಡಿಗ್ರಿ. ಎರಡೂ ಕಡೆ ಅದೇ ನಿಯಮ. ಆದರೂ ಒಳ್ಳೆಯ ಐದೂ ಪಟ್ಟಿಗಳು ಇಲ್ಲಿ ನಮ್ಮಲ್ಲಿಗಿಂತ ಕಡಿಮೆ ದಕ್ಷತೆ ತೋರಿಸಿದವು. ದೀಪ ಸರಿಯಿಲ್ಲವೇನೋ ಎಂದು ಗೊಣಗಿದೆ. ಅಳೆಯುತ್ತಿದ್ದ ಬರ್ಲಿನ್ ಗೆಳತಿ ಏನೂ ಹೇಳದೆ ಡ್ರಾಯರ್‌ನಿಂದ ಕಪ್ಪು ಲೋಹದ ತಗಡು ತೆಗೆದಳು. ಅಳೆಯುವಾಗ ಪಟ್ಟಿಯ ಮೇಲಿಡುವಂಥದ್ದು. ನಡುವೆ ಬೆಳಕು ಬೀಳಲು ಒಂದು ಚೌಕ ತೂತು, ಮೈಕ್ರೋಸ್ಕೋಪಿನಲ್ಲಿ ಅಳೆದದ್ದು. ನಮ್ಮ ತಗಡಿನ ತೂತನ್ನು ನಾವು ಎಂದೂ ಅಳೆದಿರಲಿಲ್ಲ. ಡ್ರಾಯಿಂಗ್‌ನಲ್ಲಿ ಬರೆದದ್ದನ್ನೇ ನಂಬಿದ್ದೆವು. ಅಳೆದರೆ ನಮ್ಮದು ತುಸು ದೊಡ್ಡದು. ಅಷ್ಟು ಬೆಳಕು ಪುಕ್ಕಟೆಯಾಗಿ ಒಳಹೋಗಿ ನಮ್ಮ ಸಂಖ್ಯೆ ಉಬ್ಬಿತ್ತು. ಆ ಸಂಜೆ ನಮ್ಮ ಗುಂಪಿಗೆ ಕಳಿಸಿದ ಸಂದೇಶ ಬರೆಯಲು ಬಹಳ ಹೊತ್ತು ಹಿಡಿಯಿತು.

ಬಗ್ಗಿಸುವ ಯಂತ್ರ ನೋಡಲು ಸುಮ್ನೆ ಆಟಿಕೆಯಂತಿದೆ. ಪಟ್ಟಿಯನ್ನು ಸಣ್ಣ ಉರುಳೆಗೆ ಸುತ್ತುತ್ತದೆ, ಬಿಚ್ಚುತ್ತದೆ. ಟಕ್, ಟಕ್, ಸಾವಿರಾರು ಸಲ. ಮೊದಲು ಸೋಲುವುದು ಪೆರೋವ್‌ಸ್ಕೈಟ್ ಅಂದುಕೊಂಡಿದ್ದೆ. ಅಲ್ಲ! ಅದರ ಕೆಳಗಿನ ಪಾರದರ್ಶಕ ವಾಹಕ, ಇಂಡಿಯಂ ತವರದ ಆಕ್ಸೈಡ್, ಪಿಂಗಾಣಿಯಂತೆ ಬಿರುಕು ಬಿಡುತ್ತದೆ. ಮೇಲೂ ಕೆಳಗೂ ಒಂದೇ ದಪ್ಪದ ಹಾಳೆ ಅಂಟಿಸಿದರೆ ಆ ಪದರ ನಟ್ಟನಡುವೆ ಬಂದು ಎಳೆತವೇ ಬೀಳುವುದಿಲ್ಲ. ಎಷ್ಟು ಸರಳ! ಇಂಡಿಯಂ ಅಪರೂಪದ ಲೋಹ, ಅದನ್ನೇ ಬಿಡೋಣ ಎಂಬ ಮಾತೂ ಬಂತು. ವಿದ್ಯುತ್ ಹೊರತೆಗೆಯುವ ಪದರಕ್ಕೆ ಚಿನ್ನದ ಬದಲು ಇಂಗಾಲದ ಪೇಸ್ಟ್ ಬಳಿಯುವುದು ನಮ್ಮಲ್ಲಿ ಆಗಲೇ ನಡೆದಿದೆ. ಕಷ್ಟ ಇರುವುದು ಪೆರೋವ್‌ಸ್ಕೈಟ್ ಶಾಯಿಯ ದ್ರಾವಕದಲ್ಲಿ. ವಿಷಕಾರಿ ಡಿಎಂಎಫ್ ಬಿಟ್ಟು ಡಿಎಂಎಸ್‌ಒ ಹಿಡಿದರೆ ಅದು ಬೇಗ ಆರುವುದಿಲ್ಲ. ಕುದಿಯುವುದೇ 189 ಡಿಗ್ರಿಯಲ್ಲಿ. ಇಲ್ಲಿಯವರು ಒದ್ದೆ ಲೇಪದ ಮೇಲೆ ಚಾಕುವಿನಂಥ ತೆಳು ಸೀಳಿನಿಂದ ನೈಟ್ರೋಜನ್ ಊದುತ್ತಾರೆ. ಗಾಳಿ ಸಾಗಿದಂತೆ ಅದರ ಹಿಂದೆಯೇ ತಿಳಿಹಳದಿ ಕಂದಾಗುತ್ತದೆ. ನಾನು ಮೂರು ಸಲ ಮಾಡಿಸಿ ನೋಡಿದೆ.

ಸೀಸದ ಮಾತು ಬಂದಾಗ ಮಾತ್ರ ಎಲ್ಲರ ದನಿ ತಗ್ಗುತ್ತದೆ. ಒಂದು ಚದರ ಮೀಟರಿನಲ್ಲಿ ಇರುವುದು ಒಂದು ಗ್ರಾಂಗಿಂತ ಕಡಿಮೆ, ನಿಜ. ಆದರೆ ನೀರಲ್ಲಿ ಕರಗುವ ಸೀಸ ಅದು. "ಕಡಿಮೆ ಇದೆಯಲ್ಲ" ಎಂಬುದು ನನ್ನ ಪ್ರಕಾರ ಉತ್ತರವಲ್ಲ.

ಭಾನುವಾರ ರಜೆ. ಇನ್‌ವಾಲಿಡೆನ್ ರಸ್ತೆಯ ನಿಸರ್ಗ ವಿಜ್ಞಾನ ಮ್ಯೂಸಿಯಂಗೆ ಹೋದೆ. ಜನ ಡೈನೋಸಾರ್ ಮುಂದೆ ಗುಂಪುಗೂಡಿದ್ದರು; ನಾನು ಖನಿಜಗಳ ಕಡೆ ನಡೆದೆ. ಪರಿಶೋಧಕ ಹುಂಬೋಲ್ಟ್ ಜೊತೆ 1829ರಲ್ಲಿ ರಷ್ಯಾದ ಉರಲ್ ಬೆಟ್ಟಗಳಿಗೆ ಹೋಗಿ ಬಂದ ಖನಿಜ ವಿಜ್ಞಾನಿ ಗುಸ್ತಾವ್ ರೋಸ್ ಇದೇ ಊರಿನವನು. ಪೆರೋವ್‌ಸ್ಕೈಟನ್ನು 1839ರಲ್ಲಿ ಮೊದಲು ವಿವರಿಸಿದವನು ಅವನೇ. ಆದರೆ ಆ ಕಲ್ಲು ಅವನಿಗೆ ಸಿಕ್ಕಿದ್ದು ರಷ್ಯಾದ ಕೆಮರರ್ ಎಂಬವನಿಂದ. ಹೆಸರು ಬಂದದ್ದು ಮೂರನೆಯವನಿಂದ, ಖನಿಜ ಕೂಡಿಡುತ್ತಿದ್ದ ಅಧಿಕಾರಿ ಲೆವ್ ಪೆರೋವ್‌ಸ್ಕಿಯಿಂದ. ಆ ಕಲ್ಲಿನಲ್ಲಿದ್ದದ್ದು ಕ್ಯಾಲ್ಸಿಯಂ, ಟೈಟಾನಿಯಂ. ನಮ್ಮ ಪಟ್ಟಿಗಳಲ್ಲಿ ಎರಡೂ ಇಲ್ಲ. ಹರಳಿನ ಕಟ್ಟಡ ಮಾತ್ರ ಅದೇ. ಅಂಥ ಕಟ್ಟಡದ ಹರಳಿನಿಂದ ಮೊದಲು ಸೋಲಾರ್ ಸೆಲ್ ಮಾಡಿದ್ದು ಜಪಾನಿನ ಮಿಯಾಸಾಕಾ ಗುಂಪು, 2009ರಲ್ಲಿ. ಆಗ ಸಿಕ್ಕಿದ್ದು 3.8 ಶೇಕಡಾ.

ವಾಪಸು ಹೊರಟಾಗ ಡಬ್ಬಿ ಖಾಲಿ ಇರಲಿಲ್ಲ. ಅವರು ಮಾಡಿದ ನಾಲ್ಕು ಪಟ್ಟಿ, ಜೊತೆಗೆ ಅಳೆದ ತೂತಿನ ತಗಡು ಕೊಟ್ಟಿದ್ದರು. ಈ ಸಲ ಪ್ರತಿ ಪೊಟ್ಟಣದ ಬಾಯನ್ನೂ ನಾನೇ ಎರಡೆರಡು ಸಲ ಸೀಲ್ ಮಾಡಿ, ಬೆರಳಾಡಿಸಿ ಸುಕ್ಕು ಹುಡುಕಿದೆ. ತಪಾಸಣೆಯಲ್ಲಿ ಮತ್ತೆ ಡಬ್ಬಿ ತೆಗೆಸಿದರು. ಅವರು ಕೈ ಚಾಚುವ ಮೊದಲೇ ನಾನೇ ಒಂದನ್ನು ಎತ್ತಿ ಬಗ್ಗಿಸಿ ತೋರಿಸಿದೆ.