ರಾಮೇಶ್ವರಕ್ಕೆ ಹೊರಟವರು ರಾಮನಾಥಪುರದಲ್ಲೂ ಇಳಿಯಿರಿ

ದಾವಣಗೆರೆಯಿಂದ ರಾಮೇಶ್ವರಕ್ಕೆ ಹೋಗುವವರಲ್ಲಿ ಹೆಚ್ಚಿನವರು ಇಪ್ಪತ್ತೆರಡು ತೀರ್ಥಗಳ ಸ್ನಾನ, ದರ್ಶನ, ಧನುಷ್ಕೋಡಿ ಮುಗಿಸಿ ವಾಪಸು ರೈಲು ಹತ್ತುತ್ತಾರೆ. ತಪ್ಪೇನಿಲ್ಲ. ಆದರೆ ಚುನಾವಣೆ ಬಂದಾಗಲೆಲ್ಲ ಟಿ.ವಿ.ಯಲ್ಲಿ ಕೇಳಿಬರುವ, ಭಾರತ ಮತ್ತು ಶ್ರೀಲಂಕಾ ನಡುವಿನ ಪುಟ್ಟ ದ್ವೀಪ ಕಚ್ಚತೀವು ನಿಜಕ್ಕೂ ಯಾರದು, ಹೇಗೆ ಕೈಬಿಟ್ಟಿತು ಎಂದು ತಲೆ ಕೆಡಿಸಿಕೊಂಡವರಿದ್ದರೆ, ಅದೇ ದಾರಿಯಲ್ಲಿ ನೋಡಬೇಕಾದ ಜಾಗಗಳು ಇನ್ನೆರಡಿವೆ: ರಾಮನಾಥಪುರವನ್ನು ಆಳಿದ ಸೇತುಪತಿಗಳ ಅರಮನೆ, ರಾಮೇಶ್ವರದ ಮೀನುಗಾರಿಕೆ ಜೆಟ್ಟಿ. ತಾಲ್ಲೂಕು ಕಚೇರಿಯಲ್ಲಿ ಜಮೀನು ತಕರಾರಿನ ಕಡತಗಳ ನಡುವೆಯೇ ನಿವೃತ್ತನಾದ ನನಗೆ ಇವೆರಡರ ಮೇಲೆ ದೇವಸ್ಥಾನದಷ್ಟೇ ಕುತೂಹಲವಿತ್ತು. ಜೊತೆಗಿದ್ದ ಅಕ್ಕ, ಭಾವನವರಿಗೆ ಇರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಪ್ರಯಾಣದ ವಿಷಯ. ಹುಬ್ಬಳ್ಳಿಯಿಂದ ರಾಮೇಶ್ವರದ ಕಡೆಗೆ ವಾರಕ್ಕೊಮ್ಮೆ ಹೋಗುವ ವಿಶೇಷ ರೈಲು ದಾವಣಗೆರೆ ಮೇಲೆಯೇ ಬರುತ್ತದೆ. ವಿಶೇಷ ರೈಲಾದ್ದರಿಂದ ಅದರ ಅವಧಿಯನ್ನು ವಿಸ್ತರಿಸಿದ್ದಾರೆಯೇ, ಎಲ್ಲಿಯವರೆಗೆ ಓಡುತ್ತದೆ ಎಂದು ನೋಡಿಕೊಂಡೇ ಟಿಕೆಟ್ ತೆಗೆಯಬೇಕು. ಸಿಗದಿದ್ದರೆ ಬೆಂಗಳೂರಿಗೆ ಹೋಗಿ ಮಧುರೈ ರೈಲು ಹಿಡಿಯಿರಿ. ಅಲ್ಲಿಂದ ರಾಮೇಶ್ವರಕ್ಕೆ ಬಸ್ಸುಗಳಿಗೆ ಕೊರತೆಯಿಲ್ಲ. ಚಿತ್ರದುರ್ಗದವರಿಗೆ ಹೆದ್ದಾರಿ ಬಸ್ಸಿನಲ್ಲಿ ಬೆಂಗಳೂರು ಸೇರುವುದೇ ಸಲೀಸು. ರೈಲಿಗೆ ಮಂಡಕ್ಕಿ, ಖಾರ, ಶೇಂಗಾ ಚಟ್ನಿಪುಡಿ ಧಾರಾಳವಾಗಿ ಕಟ್ಟಿಕೊಳ್ಳಿ.

ರಾಮನಾಥಪುರದಿಂದ ರಾಮೇಶ್ವರ ಸುಮಾರು 55 ಕಿಲೋಮೀಟರ್. ಹೋಗುವಾಗಲೇ ಅಲ್ಲಿ ಅರ್ಧ ದಿನ ಇಳಿಯಿರಿ, ಬರುವಾಗ ನೋಡೋಣವೆಂದರೆ ಆಗುವುದಿಲ್ಲ. ರಾಮಲಿಂಗ ವಿಲಾಸಂ ಎಂಬ ಅರಮನೆ ಈಗ ವಸ್ತುಸಂಗ್ರಹಾಲಯ. ರಜೆ ಯಾವ ದಿನವೆಂದು ಮೊದಲೇ ಕೇಳಿಕೊಳ್ಳಿ. ಒಳಗಿನ ಗೋಡೆಗಳ ತುಂಬ ವರ್ಣಚಿತ್ರಗಳು: ರಾಮಾಯಣವಿದೆ, ತಂಜಾವೂರಿನ ಮರಾಠರೊಂದಿಗಿನ ಯುದ್ಧವಿದೆ, ಸೇತುಪತಿಯ ಎದುರು ನಿಂತ ಟೋಪಿಯ ಯುರೋಪಿಯನ್ನರೂ ಇದ್ದಾರೆ. ಈ ಸೇತುಪತಿಗಳು ಮೊದಲು ಮಧುರೈ ನಾಯಕರ ಅಧೀನದಲ್ಲಿದ್ದು, ಆಮೇಲೆ ಸ್ವತಂತ್ರರಾಗಿ, ಕೊನೆಗೆ 1803ರಲ್ಲಿ ಬ್ರಿಟಿಷರ ಕೈಕೆಳಗೆ ಜಮೀನ್ದಾರರಾದವರು. ಚಿತ್ರದುರ್ಗದ ಕೋಟೆಯನ್ನು ನೋಡುತ್ತ ಬೆಳೆದ ನಮಗೆ ಪಾಳೆಯಗಾರರ ಕಥೆ ಹೊಸದಲ್ಲ. ನಮ್ಮ ನಾಯಕರ ಆಳ್ವಿಕೆ 1779ರಲ್ಲಿ ಹೈದರಾಲಿಗೆ ಸೋತು ಮುಗಿಯಿತು. ರಾಮನಾಥಪುರದ ಮನೆತನ ಜಮೀನ್ದಾರಿಯಾಗಿ ಉಳಿಯಿತು, ಅದರ ಕಾಗದಪತ್ರಗಳೂ ಉಳಿದವು.

ಕಚ್ಚತೀವಿನ ಮೇಲೆ ಭಾರತದ ಹಕ್ಕು ನಿಂತದ್ದು ಮುಖ್ಯವಾಗಿ ಈ ಕಾಗದಪತ್ರಗಳ ಮೇಲೆ. ಪಾಕ್ ಜಲಸಂಧಿಯಲ್ಲಿರುವ, ಸುಮಾರು 285 ಎಕರೆಯ, ಜನವಸತಿಯಿಲ್ಲದ ದ್ವೀಪ ಅದು. ಬಣ್ಣ ತೆಗೆಯುವ ಬೇರು ಕೀಳಲು, ಶಂಖ ಆರಿಸಲು ರಾಮನಾಥಪುರದ ಜಮೀನ್ದಾರಿ ಕೊಟ್ಟ ಗುತ್ತಿಗೆಗಳಲ್ಲಿ ಅದರ ಹೆಸರೂ ಇತ್ತು. ಸ್ವಾತಂತ್ರ್ಯದ ಬಳಿಕ ಜಮೀನ್ದಾರಿ ರದ್ದಾದಾಗ ಅದರ ಹಕ್ಕುಗಳು ಮದ್ರಾಸ್ ಸರ್ಕಾರಕ್ಕೆ ಬಂದವು, ಅದರೊಂದಿಗೆ ದ್ವೀಪವೂ ಬಂತು ಎಂಬುದು ನಮ್ಮ ವಾದ. ಅಟಾರ್ನಿ ಜನರಲ್ ಆಗಿದ್ದ ಎಂ.ಸಿ. ಸೆಟಲ್ವಾಡ್ ಅವರೂ ಭಾರತದ ಕಡೆಯೇ ತೂಕ ಹೆಚ್ಚು ಎಂದು ಅಭಿಪ್ರಾಯ ಕೊಟ್ಟಿದ್ದರು.

ಇಲ್ಲಿಗೇ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಪಹಣಿ ನೋಡಿದವರಿಗೆ ಗೊತ್ತು, 9ನೇ ಕಲಂನಲ್ಲಿ ಹಕ್ಕುದಾರನ ಹೆಸರು, 12ನೇ ಕಲಂನಲ್ಲಿ ಸಾಗುವಳಿದಾರನ ಹೆಸರು, ಎರಡೂ ಬೇರೆಯಾದರೆ ತಕರಾರು ಶುರು. ಇಲ್ಲೂ ಹಾಗೆಯೇ ಆಯಿತು: ಸಿಲೋನ್, ಅಂದರೆ ಈಗಿನ ಶ್ರೀಲಂಕಾ ಕಡೆಯವರು ದ್ವೀಪ ತಮ್ಮ ಜಾಫ್ನಾಕ್ಕೆ ಸೇರಿದ್ದೆಂದು ಹಳೆಯ ನಕ್ಷೆಗಳನ್ನು ತೋರಿಸಿದರು. 1921ರಲ್ಲಿ ಮೀನುಗಾರಿಕೆಯ ಗಡಿ ಗುರುತಿಸಲು ಕೊಲಂಬೊದಲ್ಲಿ ಕೂತಾಗ ಗೆರೆಯನ್ನು ದ್ವೀಪದ ಪಶ್ಚಿಮಕ್ಕೆ ಮೂರು ಮೈಲಿ ಈಚೆಗೆ, ಅಂದರೆ ನಮ್ಮ ಕಡೆಗೆ ಹಾಕಿಸಿಕೊಂಡರು. ಭಾರತದ ಪ್ರತಿನಿಧಿಗಳು ರಾಮನಾಥಪುರದ ಹಕ್ಕನ್ನು ಕಾಯ್ದಿರಿಸಿಕೊಂಡು ಒಪ್ಪಿದರು. ಅಲ್ಲಿನ ಸಂತ ಅಂತೋಣಿಯವರ ಚರ್ಚು ಜಾಫ್ನಾ ಧರ್ಮಪ್ರಾಂತ್ಯದ್ದು. 1955ರಲ್ಲಿ ಸಿಲೋನಿನ ವಾಯುಪಡೆ ಅಲ್ಲಿ ಅಭ್ಯಾಸ ನಡೆಸಿತು. ನಾವು ಸಂಸತ್ತಿನಲ್ಲಿ ಪ್ರಶ್ನೆ ಕೇಳಿದೆವು.

ಇಂಥ ವ್ಯಾಜ್ಯಗಳಲ್ಲಿ ಹಳೆಯ ಹಕ್ಕುಪತ್ರವೇ ಗೆಲ್ಲುತ್ತದೆ ಎಂಬ ಭರವಸೆಯಿಲ್ಲ. ಪೆದ್ರಾ ಬ್ರಾಂಕಾ ಎಂಬ ಪುಟ್ಟ ಬಂಡೆದ್ವೀಪದ ಮೂಲ ಹಕ್ಕು ಜೋಹೊರ್ ಸುಲ್ತಾನನದೇ ಎಂದು ಒಪ್ಪಿಯೂ ಅಂತರರಾಷ್ಟ್ರೀಯ ನ್ಯಾಯಾಲಯ 2008ರಲ್ಲಿ ಅದನ್ನು ಮಲೇಷ್ಯಾಕ್ಕೆ ಕೊಡದೆ ಸಿಂಗಾಪುರಕ್ಕೆ ಕೊಟ್ಟಿತು. ದೀಪಸ್ತಂಭ ನೋಡಿಕೊಂಡು, ಆಡಳಿತ ನಡೆಸಿಕೊಂಡು ಬಂದವರು ಸಿಂಗಾಪುರದವರು. ಇನ್ನೊಂದು ಕಡೆಯವರು ಸುಮ್ಮನಿದ್ದರು. ಸೇತುಪತಿಯ ಕಾಗದ ಹಿಡಿದು ಜೋರಾಗಿ ಮಾತನಾಡುವವರು ಈ ತೀರ್ಪನ್ನೂ ಒಮ್ಮೆ ಓದಬೇಕು.

ನಮ್ಮ ಪ್ರಕರಣ ನ್ಯಾಯಾಲಯಕ್ಕೆ ಹೋಗಲೇ ಇಲ್ಲ. 1974ರ ಜೂನ್‌ನಲ್ಲಿ ಇಂದಿರಾ ಗಾಂಧಿ ಮತ್ತು ಶ್ರೀಲಂಕಾದ ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆ ಸಹಿ ಹಾಕಿದ ಒಪ್ಪಂದದಲ್ಲಿ ಗಡಿರೇಖೆ ದ್ವೀಪದ ಪಶ್ಚಿಮಕ್ಕೆ ಒಂದು ಮೈಲಿ ದೂರದಲ್ಲಿ ಬಿತ್ತು, ದ್ವೀಪ ಆಚೆಗೆ ಹೋಯಿತು. ಬಂಗಾಳದ ಬೇರುಬಾರಿಯ ಒಂದು ಭಾಗವನ್ನು ಪಾಕಿಸ್ತಾನಕ್ಕೆ ಕೊಡುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ಭೂಭಾಗ ಬಿಟ್ಟುಕೊಡಲು ಸಂವಿಧಾನ ತಿದ್ದುಪಡಿ ಆಗಬೇಕಿತ್ತು ಎಂದು ತಮಿಳುನಾಡಿನ ನಾಯಕರು ಹೇಳುತ್ತಾರೆ. ವಿವಾದದಲ್ಲಿದ್ದ ಜಾಗದ ಗಡಿ ಗುರುತಿಸಿದ್ದಷ್ಟೇ, ಬಿಟ್ಟುಕೊಟ್ಟಿಲ್ಲ ಎಂದು ಕೇಂದ್ರ ಹೇಳುತ್ತ ಬಂದಿದೆ. ಜಯಲಲಿತಾ 2008ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2025ರ ಏಪ್ರಿಲ್‌ನಲ್ಲಿ ತಮಿಳುನಾಡು ವಿಧಾನಸಭೆ ದ್ವೀಪವನ್ನು ವಾಪಸು ಪಡೆಯಬೇಕೆಂದು ಮತ್ತೆ ನಿರ್ಣಯ ಮಾಡಿತು.

ಜೆಟ್ಟಿಗೆ ಮಧ್ಯಾಹ್ನ ಹೋಗಿ. ಯಂತ್ರದೋಣಿಗಳು ಪ್ರತಿದಿನ ಕಡಲಿಗಿಳಿಯುವಂತಿಲ್ಲ, ವಾರದಲ್ಲಿ ಮೂರು ದಿನ ಇವರದು, ಉಳಿದದ್ದು ನಾಡದೋಣಿಗಳದು. ಹಾಗಾಗಿ ದಡದಲ್ಲಿರುವವರಿಗೆ ಮಾತನಾಡಲು ಪುರುಸೊತ್ತಿರುತ್ತದೆ. ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಂತ್ರದೋಣಿಗಳಿಗೆ ನಿಷೇಧ. ಹರಿದ ಬಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದು ಹೊಲಿಯುತ್ತಿದ್ದ ಒಬ್ಬರು ನಮ್ಮ ಮಾತು ಕೇಳಿ, ‘ಊರು ಯಾವುದು ಸಾರ್?’ ಎಂದು ಕನ್ನಡದಲ್ಲೇ ಕೇಳಿದರು. ಮಲ್ಪೆಯ ದೋಣಿಗಳಲ್ಲಿ ದುಡಿದವರಂತೆ. ನಾನು ಕಚ್ಚತೀವಿನ ಹೆಸರೆತ್ತಿದೆ.

‘ದ್ವೀಪ ಇಟ್ಟುಕೊಂಡು ನಾನೇನು ಮಾಡಲಿ ಸಾರ್? ಅಲ್ಲಿ ಕುಡಿಯಲು ನೀರೂ ಇಲ್ಲ. ಅದರ ಸುತ್ತ ಇರುವ ಮೀನು ಬೇಕು.’

ಭಾವನವರು ಆ ಹೊತ್ತಿಗೆ ನೆರಳು ಹುಡುಕಿಕೊಂಡು ಹೋಗಿದ್ದರು. ಒಪ್ಪಂದ ಓದಿ ಬಂದವನಿಗೆ ಆ ಮಾತು ಸರಿಯಾಗಿ ತಟ್ಟಿತು. 1974ರ ಒಪ್ಪಂದದ ಐದನೇ ವಿಧಿಯಲ್ಲಿ ಭಾರತದ ಮೀನುಗಾರರು, ಯಾತ್ರಿಕರು ಹಿಂದಿನಂತೆಯೇ ವೀಸಾ ಇಲ್ಲದೆ ದ್ವೀಪಕ್ಕೆ ಹೋಗಬಹುದೆಂದಿದೆ. 1976ರ ಮಾರ್ಚ್‌ನಲ್ಲಿ ಗಡಿಯ ಮುಂದಿನ ಭಾಗ ಗುರುತಿಸುವಾಗ ವಿನಿಮಯವಾದ ಪತ್ರಗಳಲ್ಲಿ ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮೀನು ಹಿಡಿಯುವಂತಿಲ್ಲ ಎಂದು ಬರೆಯಲಾಯಿತು. ಬದಲಿಗೆ ಕನ್ಯಾಕುಮಾರಿಯ ದಕ್ಷಿಣದ ವೆಡ್ಜ್ ಬ್ಯಾಂಕ್ ಎಂಬ ಮೀನುಗಾರಿಕೆಯ ಕಡಲಪ್ರದೇಶ ಭಾರತಕ್ಕೆ ಸಿಕ್ಕಿತು. ಅದರಿಂದ ರಾಮೇಶ್ವರದವರ ಹೊಟ್ಟೆ ತುಂಬುವುದಿಲ್ಲ. ನನ್ನ ಲೆಕ್ಕದಲ್ಲಿ 285 ಎಕರೆಗಿಂತ ದೊಡ್ಡ ನಷ್ಟ ಆ ಪತ್ರಗಳದು, ಆದರೆ ಭಾಷಣಗಳಲ್ಲಿ ಅವುಗಳ ಸುದ್ದಿ ಕಡಿಮೆ. ಬಲೆಯಿಂದ ಕಡಲತಳವನ್ನೇ ಗುಡಿಸುವ ನಮ್ಮ ಟ್ರಾಲರ್‌ಗಳ ಬಗ್ಗೆ ಜಾಫ್ನಾದ ಮೀನುಗಾರರಿಗೂ ದೂರಿದೆ. ಅವರೂ ತಮಿಳರೇ.

ದ್ವೀಪಕ್ಕೇ ಹೋಗಬೇಕೆನ್ನುವವರಿಗೆ ದಾರಿ ಒಂದೇ: ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಎರಡು ದಿನ ನಡೆಯುವ ಸಂತ ಅಂತೋಣಿಯವರ ಜಾತ್ರೆ. ರಾಮೇಶ್ವರದ ವೇರ್ಕೋಡು ಚರ್ಚಿನಲ್ಲಿ ಗುರುತಿನ ದಾಖಲೆ ಕೊಟ್ಟು ಮುಂಚೆಯೇ ಹೆಸರು ಬರೆಸಬೇಕು. 2024ರಲ್ಲಿ ಮೀನುಗಾರರ ಬಂಧನ ವಿರೋಧಿಸಿ ದೋಣಿಯವರು ಜಾತ್ರೆಯನ್ನೇ ಬಹಿಷ್ಕರಿಸಿದ್ದರು. ಆದ್ದರಿಂದ ಆ ವರ್ಷದ ಪರಿಸ್ಥಿತಿ ತಿಳಿದುಕೊಂಡೇ ರಜೆ ಹಾಕಿ. ಬೇರೆ ದಿನಗಳಲ್ಲಿ ದೋಣಿಯಲ್ಲಿ ಕರೆದೊಯ್ಯುತ್ತೇವೆ ಎನ್ನುವವರ ಮಾತಿಗೆ ಮರುಳಾಗಬೇಡಿ.

ಧನುಷ್ಕೋಡಿಯ ತುದಿ, ಅರಿಚಲ್ ಮುನೈಯಲ್ಲಿ ನಿಂತು ‘ಅಗೋ ಕಚ್ಚತೀವು’ ಎಂದು ಬೆರಳು ತೋರಿಸುವವರೂ ಸಿಗುತ್ತಾರೆ, ನಂಬಬೇಡಿ. ಆ ದಿಕ್ಕಿನಲ್ಲಿರುವುದು ಶ್ರೀಲಂಕಾದ ತಲೈಮನ್ನಾರ್. ಕಚ್ಚತೀವು ರಾಮೇಶ್ವರದ ಈಶಾನ್ಯಕ್ಕೆ, ಕಣ್ಣಿಗೆ ನಿಲುಕದಷ್ಟು ದೂರ. ಅಲ್ಲಿ ಮೊಬೈಲ್ ತಾನಾಗಿಯೇ ಶ್ರೀಲಂಕಾದ ನೆಟ್‌ವರ್ಕ್ ಹಿಡಿಯುವುದುಂಟು, ರೋಮಿಂಗ್ ಆಫ್ ಮಾಡಿಟ್ಟುಕೊಳ್ಳಿ.