ಬಿಸಿಲು ತಾಳದ ಫಜ್

20 ಏಪ್ರಿಲ್ 2025, ಭಾನುವಾರ
ಬದಿಯಡ್ಕ

ಬೆಳಿಗ್ಗೆ ಆರೂವರೆಗೆ ಸಿಕ್ಕಿದ್ದ ಸ್ವರ ಮಧ್ಯಾಹ್ನ ಎರಡಕ್ಕೆ ಇರಲಿಲ್ಲ. ಅದೇ ಗಿಟಾರ್, ಅದೇ ಆಂಪ್ (ಆಂಪ್ಲಿಫೈಯರ್), ಒಂದು ನಾಬನ್ನೂ ನಾನು ಮುಟ್ಟಿರಲಿಲ್ಲ. ಬೆಳಿಗ್ಗೆ ದಪ್ಪ ತಂತಿಯನ್ನು ಮೀಟಿದರೆ ಕಣಜದ ಗೂಡಿಗೆ ಕಲ್ಲು ಬಿದ್ದಂತೆ ಮೊರೆಯುತ್ತಿತ್ತು. ಮಧ್ಯಾಹ್ನ ಅದೇ ತಂತಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಅರುವತ್ತರ ದಶಕದ ಆ ಒರಟು ಫಜ್‌ಗಾಗಿ ಅಂದರೆ ಗಿಟಾರಿನ ಸ್ವರ ಒಡೆದು ಮೊರೆಯುವ ಸದ್ದಿಗಾಗಿ, ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಅದಕ್ಕಾಗಿ ಸ್ಪೀಕರಿನ ಕಾಗದವನ್ನೇ ಬ್ಲೇಡಿನಿಂದ ಕೊಯ್ದಿದ್ದರು. 1966ರಲ್ಲಿ ಲಂಡನ್ನಿನಲ್ಲಿ ಬಂದ ಫಜ್ ಫೇಸ್ ಪೆಡಲಿನೊಳಗೆ (ಗಿಟಾರಿಗೂ ಆಂಪಿಗೂ ನಡುವೆ ಜೋಡಿಸಿ ಕಾಲಲ್ಲಿ ಒತ್ತುವ ಪೆಟ್ಟಿಗೆ) ಇದ್ದದ್ದು ಎರಡೇ ಜರ್ಮೇನಿಯಂ ಟ್ರಾನ್ಸಿಸ್ಟರ್. ಎರಡೇ ತಾನೇ ಎಂದು ಅಂಥದ್ದೊಂದನ್ನು ನಾನೇ ಬೆಸುಗೆ ಹಾಕಿ ಮಾಡಿದೆ. ಚಿಕ್ಕಪ್ಪ ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಅವರ ಬಿಸ್ಕತ್ತಿನ ಡಬ್ಬಿಯಲ್ಲಿ ಎಸಿ128 ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಇನ್ನೂ ಉಳಿದಿದ್ದವು.

ಇವತ್ತು ಅವರೇ ಬಂದು ಮಲ್ಟಿಮೀಟರ್ ಹಿಡಿದರು. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿನಲ್ಲಿ ಬ್ಯಾಟರಿಯ ಒಂಬತ್ತು ವೋಲ್ಟಿನ ಅರ್ಧ, ಅಂದರೆ 4.5 ಇರಬೇಕು. ಬೆಳಿಗ್ಗೆ ನಾನು ಅಳೆದಾಗ ಇತ್ತು, ಈಗ ಇಲ್ಲ.

"ಮಾಡಿನ ಹಂಚು ಕಾದಿದೆ, ಜರ್ಮೇನಿಯಂ ಸೋರುತ್ತಿದೆ," ಎಂದರು. "ಚೆಂಡೆಗೆ ಮಳೆಗಾಲ ಆಗುವುದಿಲ್ಲ, ಇದಕ್ಕೆ ಬೇಸಗೆ ಆಗುವುದಿಲ್ಲ."

ಬಿಸಿ ಏರಿದಂತೆ ಜರ್ಮೇನಿಯಂನಲ್ಲಿ ಸೋರುವ ಕರೆಂಟು ಹೆಚ್ಚಿ ಬಯಾಸ್, ಅಂದರೆ ಟ್ರಾನ್ಸಿಸ್ಟರನ್ನು ಸರಿಯಾದ ನೆಲೆಯಲ್ಲಿಡುವ ಆ ವೋಲ್ಟೇಜ್, ಜಾರುತ್ತದೆ ಎಂದು ಓದಿದ್ದೆ. ಆದರೆ ಅದನ್ನು ಕಿವಿಯಲ್ಲಿ ಕೇಳಿದ್ದು ಇವತ್ತೇ. ಪೆಡಲನ್ನು ಅಂಗಳದ ಕಡೆಯ ಕಿಟಕಿಯಿಂದ ತೆಗೆದು ಒಳಕೋಣೆಯ ಕೆಂಪು ಸಿಮೆಂಟಿನ ನೆಲದ ಮೇಲಿಟ್ಟೆವು. ಕಲೆಕ್ಟರಿನ 8.2 ಕಿಲೋ ಓಮ್ ರೆಸಿಸ್ಟರನ್ನು ಕಿತ್ತು ಅಲ್ಲಿ ತಿರುಗಿಸಿ ಹೊಂದಿಸಬಹುದಾದ ಪುಟ್ಟ ರೆಸಿಸ್ಟರ್, ಅಂದರೆ ಟ್ರಿಮ್‌ಪಾಟ್ ಕೂರಿಸಿದೆ. ಚಿಕ್ಕಪ್ಪ ಮೀಟರ್ ನೋಡುತ್ತಾ "ಇನ್ನೂ ಸ್ವಲ್ಪ, ಸ್ವಲ್ಪ, ಸಾಕು" ಎಂದರು. ಸಣ್ಣ ಸ್ಕ್ರೂಡ್ರೈವರಿನ ಕೂದಲೆಳೆಯಷ್ಟು ತಿರುವಿಗೆ ಆ ಕೆಮ್ಮು ನಿಂತು ಮೊರೆತ ಮರಳಿತು.

ನನ್ನದೇ ತಪ್ಪು ಇನ್ನೊಂದಿತ್ತು. ಟ್ಯೂನರ್ ಪೆಡಲನ್ನು ಫಜ್‌ಗಿಂತ ಮೊದಲು ಜೋಡಿಸಿದ್ದೆ. ಅದರ ಬಫರ್ (ಸಿಗ್ನಲನ್ನು ಬಲಗೊಳಿಸಿ ಮುಂದೆ ಕಳಿಸುವ ಸರ್ಕಿಟ್) ನಡುವೆ ಬಂದರೆ ಫಜ್ ಕೀರಲಾಗುತ್ತದೆ. ಇದಕ್ಕೆ ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಭಾಗ) ನೇರವಾಗಿಯೇ ತಾಗಬೇಕು. ಬದಲಿಸಿದ ಮೇಲೆ ಗಿಟಾರಿನ ವಾಲ್ಯೂಮನ್ನು ಹತ್ತರಿಂದ ಆರಕ್ಕೆ ಇಳಿಸಿದರೆ ಸಾಕು, ಸ್ವರ ತಿಳಿಯಾಗುತ್ತದೆ. ಹತ್ತಕ್ಕೆ ಒಯ್ದರೆ ಮತ್ತೆ ಗರ್ಜನೆ. ಆಂಪಿನಲ್ಲಿ ಬಾಸ್ ಮೂರಕ್ಕೆ ಇಳಿಸಿ ಮಿಡ್ (ನಡು ಸ್ವರಗಳು) ಏಳಕ್ಕೆ ಏರಿಸಿದೆ. ಇಷ್ಟು ದಿನ ಆಕ್ರಮಣದ ಸ್ವರವೆಂದರೆ ಬಾಸ್ ಎಂದು ನಂಬಿದ್ದೆ. ಅದು ಬರೀ ಗುಡುಗು. ಎದೆಗೆ ಬಂದು ಕಚ್ಚುವುದು ಮಿಡ್.

ಚಿಕ್ಕಪ್ಪ ಚಹಾ ಆರುವವರೆಗೂ ಕೇಳುತ್ತಾ ಕುಳಿತರು. ಹೊರಡುವಾಗ ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟುಹೋದರು. ಅದರಲ್ಲಿ ಇನ್ನೂ ಏಳು ಎಸಿ128 ಇವೆ.